ಭಾವ ಸತ್ತಿದ್ದು ಯಾಕೆ ಅಂತ ಯಾರೂ ಹೇಳಲಿಲ್ಲ

ಗಾಬರಿ ಬೇಡ, ಭಾವ ಆರಾಮಾಗಿದ್ದಾರೆ. ಸತ್ತಿದ್ದು ಗೇಮ್‌ನಲ್ಲಿ. ಒಂದೇ ರಾತ್ರಿ 23 ಸಲ.

ಅಕ್ಕನ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಪುನರ್ವಸು ಮಳೆ ಹಿಡಿದು ಕೂತಿತ್ತು. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯಬೇಕು, ಮಳೆ ಬಿಡುತ್ತಿಲ್ಲ. ಭಾವ ಜಗಲಿಯಲ್ಲಿ ಕವಳ ಹಾಕಿಕೊಂಡು ಅಂಗಳ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ಅಳಿಯ ಲ್ಯಾಪ್‌ಟಾಪ್‌ನಲ್ಲಿ ಶೂಟಿಂಗ್ ಗೇಮ್ ಆಡುತ್ತಿದ್ದ. ಆ ಕಡೆ ಐದು ಜನ, ಈ ಕಡೆ ಐದು ಜನ, ಬಾಂಬ್ ಇಡೋದು, ತೆಗೆಯೋದು. ಹೆಸರು ಬೇಡ, ಆಡುವವರಿಗೆ ಗೊತ್ತಾಗುತ್ತೆ.

"ನನಗೂ ಒಂದು ಅಕೌಂಟ್ ಮಾಡ್ಕೊಡೋ. ನಿಜವಾದ ಕೋವಿ ಹಿಡಿದವ ನಾನು, ಇದೇನು ಮಹಾ" ಅಂದರು ಭಾವ. ಹಂದಿ, ಮಂಗ ಓಡಿಸಲು ಮನೆಯಲ್ಲಿ ಲೈಸೆನ್ಸ್ ಇರುವ ಕೋವಿ ಇದೆ. ಆ ಧೈರ್ಯ.

ಟ್ಯುಟೋರಿಯಲ್ ಐದು ನಿಮಿಷ. ನಡೆಯೋದು, ಹಾರೋದು, ರೀಲೋಡ್ ಮಾಡೋದು, ನಿಂತ ಗೊಂಬೆಗಳಿಗೆ ಗುಂಡು ಹೊಡೆಯೋದು. ಕೊನೆಗೆ ನೀವು ರೆಡಿ ಅಂತ ಬಂತು. ಭಾವನಿಗೆ ಖುಷಿ. ಮೊದಲ ಮ್ಯಾಚ್ ಶುರುವಾಗಿ ಮೂಲೆ ತಿರುಗಿದರು ನೋಡಿ, ಸ್ಕ್ರೀನ್ ಬೂದು ಬಣ್ಣಕ್ಕೆ ತಿರುಗಿತು.

"ಯಾರು ಹೊಡೆದಿದ್ದು ಮಾರಾಯ? ಎಲ್ಲಿಂದ?"

ಸ್ಕ್ರೀನ್ ಮೇಲೆ ಹೊಡೆದವನ ಹೆಸರು ಮತ್ತು ಗನ್ನಿನ ಚಿತ್ರ ಇತ್ತು. "ಅವನ ಹೆಸರು ತಗೊಂಡು ನಾನೇನು ಮಾಡ್ಲಿ?" ಅಂದರು. ನನಗೆ ಆ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಎರಡು ಗಂಟೆ ಆಡಿ, ಲ್ಯಾಪ್‌ಟಾಪ್ ಮುಚ್ಚಿ, "ಇದು ನಮ್ಮಂಥವರಿಗಲ್ಲ" ಎಂದು ಎದ್ದುಹೋದರು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ಮನುಷ್ಯ ಇವರು. ತಾಳ್ಮೆ ಇಲ್ಲ ಅಂತ ಹೇಳುವ ಹಾಗೇ ಇಲ್ಲ.

ಮರುದಿನ ಅಳಿಯನ ಜೊತೆ ಕೂತು ಆ 23 ಸಾವುಗಳಲ್ಲಿ ನೆನಪಿದ್ದಷ್ಟನ್ನು ಲೆಕ್ಕ ಹಾಕಿದೆ. ಮುಕ್ಕಾಲು ಪಾಲಿಗೆ ಕಾರಣ ಎರಡೇ. ಒಂದು, ಭಾವ ಓಡುತ್ತಾ ಗುಂಡು ಹೊಡೆಯುತ್ತಿದ್ದರು. ಈ ಜಾತಿಯ ಗೇಮ್‌ಗಳಲ್ಲಿ, ಕೌಂಟರ್-ಸ್ಟ್ರೈಕ್ ಕಾಲದಿಂದಲೂ, ಓಡುವಾಗ ಹೊಡೆದ ಗುಂಡು ಇಟ್ಟ ಗುರಿಗೆ ಹೋಗುವುದಿಲ್ಲ. ನಿಂತು ಹೊಡೆಯಬೇಕು. ಎರಡು, ಓಡಿದರೆ ಹೆಜ್ಜೆ ಸಪ್ಪಳ ಎದುರಿನವನಿಗೆ ಕೇಳುತ್ತದೆ. ಅವನು ಮೂಲೆಗೆ ಗುರಿ ಇಟ್ಟು ಕಾಯುತ್ತಾ ಇರುತ್ತಾನೆ.

"ಭಾವ, ತೋಟದಲ್ಲಿ ಹಂದಿ ಕಂಡ್ರೆ ಓಡ್ತಾ ಕೋವಿ ಹೊಡೀತೀರಾ?"

"ಹುಚ್ಚಾ? ನಿಂತು, ಉಸಿರು ಹಿಡಿದು..."

"ಇಲ್ಲೂ ಹಂಗೇ."

"ಮತ್ತೆ ಅದನ್ನ ಮೊದಲೇ ಹೇಳೋಕೆ ಅವರಿಗೇನು ಧಾಡಿ?"

ನನ್ನ ತಕರಾರೂ ಅದೇ. ಹೊಸಬರು ಸಾಯೋದು ತೊಂದರೆಯಲ್ಲ. ಸಾಯದೆ ಯಾರೂ ಕಲಿತಿಲ್ಲ. ಯಾಕೆ ಸತ್ತೆ ಅಂತ ಗೊತ್ತಾಗದಿದ್ದರೆ ಮಾತ್ರ ಬಿಟ್ಟುಹೋಗುತ್ತಾರೆ. ಟ್ಯುಟೋರಿಯಲ್ ಬಟನ್ ಕಲಿಸುತ್ತದೆ, ಕಾರಣ ಕಲಿಸುವುದಿಲ್ಲ. ಕಾರಣ ಬೇಕಿದ್ದರೆ "ಯೂಟ್ಯೂಬ್ ನೋಡಪ್ಪ" ಅನ್ನುತ್ತಾನೆ ಅಳಿಯ. ಅದೂ ಇಂಗ್ಲಿಷಲ್ಲಿ, ಅಥವಾ ಹಿಂದಿಯಲ್ಲಿ, ಎಂಟು ನಿಮಿಷದಲ್ಲಿ ಮೂರು ನಿಮಿಷ ಸಬ್‌ಸ್ಕ್ರೈಬ್ ಮಾಡಿ ಅನ್ನೋದು.

ಅಡಿಕೆಗೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ, ಮಾಡುವಾಗ ನೋಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಭಾವ ಪುಸ್ತಕ ಓದಿಸುವುದಿಲ್ಲ. ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೋರಿಸುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಅಷ್ಟೇ ಪಾಠ. ತಪ್ಪು ಏನು ಅಂತ ಅಲ್ಲೇ ಕಣ್ಣಿಗೆ ಕಾಣುತ್ತದೆ, ಸರಿ ಮಾಡೋದು ಹೇಗೆ ಅಂತಲೂ ಗೊತ್ತಾಗುತ್ತದೆ. ಮರ ಹತ್ತಿ ಔಷಧಿ ಹೊಡೆಯೋದು ಆಮೇಲೆ. ಮೊದಲ ವರ್ಷ ಕೆಳಗೆ ಪೈಪ್ ಎಳಿ.

ಗೇಮ್‌ನಲ್ಲಿ ಈ ಕತ್ತಿ ಅದ್ದುವ ಕೆಲಸ ಕಷ್ಟವೇನಲ್ಲ. ಆಟ ನಡೆಸುವ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ಎಲ್ಲ ಗೊತ್ತಿರುತ್ತದೆ: ನೀವು ಓಡುತ್ತಿದ್ದಿರಾ, ನಿಮ್ಮ ಸಪ್ಪಳ ಅವನಿಗೆ ಕೇಳುತ್ತಿತ್ತಾ, ಅವನು ಎಷ್ಟು ಹೊತ್ತಿನಿಂದ ಆ ಮೂಲೆ ಹಿಡಿದಿದ್ದ. ಮೊದಲ 20 ಮ್ಯಾಚ್‌ಗಳಲ್ಲಿ, ಸತ್ತ ಕೂಡಲೇ ಒಂದು ಸಾಲು ಬರಲಿ: "ಓಡುತ್ತಾ ಹೊಡೆದಿರಿ." ಸಾಕು. ಕಾಲ್ ಆಫ್ ಡ್ಯೂಟಿಯಲ್ಲಿ ಹೊಡೆದವನ ಕಣ್ಣಿನಿಂದ ತೋರಿಸುವ ಕಿಲ್‌ಕ್ಯಾಮ್ ಎಷ್ಟೋ ವರ್ಷದಿಂದ ಇದೆ. ಬಾಂಬ್ ಇಡುವ ಆಟದಲ್ಲಿ ಅದನ್ನು ಆಗಲೇ ತೋರಿಸಿದರೆ ಎದುರಾಳಿ ಇರುವ ಜಾಗ ಬಯಲಾಗುತ್ತೆ, ಒಪ್ಪುತ್ತೇನೆ. ರೌಂಡ್ ಮುಗಿದ ಮೇಲೆ ತೋರಿಸಲಿ.

ಒಂದು ಸಾವಿನ ಬಗ್ಗೆ ಮಾತ್ರ ಭಾವ ಇವತ್ತಿಗೂ ಒಪ್ಪಿಲ್ಲ. "ನಾನು ಗೋಡೆ ಹಿಂದೆ ಹೋಗಿದ್ದೆ. ಪೂರ್ತಿ ಹೋಗಿದ್ದೆ. ಗೋಡೆ ತೂತು ಮಾಡಿ ಹೊಡೆದ. ಕಳ್ಳ." ಅವರು ಹೇಳೋದು ಸರಿ, ಹೊಡೆದವನೂ ಕಳ್ಳನಲ್ಲ. ಆ ಹೊತ್ತಿಗೆ ಪಿಂಗ್ 140 ತೋರಿಸುತ್ತಿತ್ತು. ಅಂದರೆ ಮನೆಯಿಂದ ಸರ್ವರ್‌ಗೆ ಹೋಗಿ ಬರಲು 140 ಮಿಲಿಸೆಕೆಂಡ್, ಸೆಕೆಂಡಿನ ಏಳನೇ ಒಂದು ಭಾಗ. ಎದುರಿನವನು ಗುಂಡು ಹೊಡೆದಾಗ ಸರ್ವರ್ ಸ್ವಲ್ಪ ಹಿಂದಿನ ಕ್ಷಣಕ್ಕೆ ಹೋಗಿ, ಅವನ ಸ್ಕ್ರೀನಿನಲ್ಲಿ ಆಗ ನೀವು ಎಲ್ಲಿದ್ದಿರಿ ಅಂತ ನೋಡಿ ತೀರ್ಮಾನ ಮಾಡುತ್ತದೆ. ಅವನ ಸ್ಕ್ರೀನಿನಲ್ಲಿ ಭಾವ ಇನ್ನೂ ಬಯಲಲ್ಲಿ ಇದ್ದರು. ತಮ್ಮ ಸ್ಕ್ರೀನಿನಲ್ಲಿ ಗೋಡೆ ಹಿಂದೆ. ಇದಕ್ಕೆ ಲ್ಯಾಗ್ ಕಾಂಪೆನ್ಸೇಷನ್ ಅನ್ನುತ್ತಾರೆ. ಇದಿಲ್ಲದೆ ಇಂಟರ್ನೆಟ್‌ನಲ್ಲಿ ಶೂಟಿಂಗ್ ಆಡುವುದೇ ಕಷ್ಟ. ಹಳಬರಿಗೆ ಗೊತ್ತು, ಬೈದುಕೊಂಡು ಮುಂದೆ ಹೋಗುತ್ತಾರೆ. ಹೊಸಬರು ಮೋಸ ಅಂದುಕೊಂಡು ಅನ್‌ಇನ್‌ಸ್ಟಾಲ್ ಮಾಡುತ್ತಾರೆ. "ನಿಮ್ಮ ನೆಟ್ ನಿಧಾನ ಇದೆ, ಮೂಲೆಯಿಂದ ಸ್ವಲ್ಪ ಬೇಗ ಸರಿಯಿರಿ" ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ?

ನಾನು ಕಲಿತಿದ್ದು ಶಿವಮೊಗ್ಗದ ದುರ್ಗಿಗುಡಿ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ. ಕಾಲೇಜಿಗೆ ಚಕ್ಕರ್ ಹೊಡೆದು ಕೌಂಟರ್-ಸ್ಟ್ರೈಕ್ 1.6. ಅಲ್ಲೂ ಮೊದಲ ದಿನ ಇದೇ ಕಥೆ. ಆದರೆ ಸತ್ತವನು ರೌಂಡ್ ಮುಗಿಯುವವರೆಗೆ ಸುಮ್ನೆ ಕೂರಬೇಕಿತ್ತು. ಕೂತವನು ಪಕ್ಕದವನ ಮಾನಿಟರ್ ನೋಡುತ್ತಿದ್ದ. ಪಕ್ಕದವನು ಆಡುತ್ತಲೇ "ಶಿಫ್ಟ್ ಒತ್ಕೊಂಡು ನಡಿಯೋ, ಕತ್ತೆ" ಅನ್ನುತ್ತಿದ್ದ. ನನ್ನ ಟ್ಯುಟೋರಿಯಲ್ ಅದು. ಗೇಮ್ ಏನೂ ಹೇಳಿಕೊಡದಿದ್ದರೂ ಕೋಣೆ ಹೇಳಿಕೊಡುತ್ತಿತ್ತು. ಈಗ ಆ ಕೋಣೆ ಇಲ್ಲ. ಹೊಸಬ ಮನೆಯಲ್ಲಿ ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾನೆ. ಮೈಕ್‌ನಲ್ಲಿ ಯಾವುದೋ ಊರಿನ ಹುಡುಗ ಅಮ್ಮ ಅಕ್ಕ ಅಂತ ಬೈಯುತ್ತಿರುತ್ತಾನೆ. ಭಾವನಿಗೆ ಹಿಂದಿ ಪೂರ್ತಿ ಅರ್ಥವಾಗಲಿಲ್ಲ, ಅದು ಪುಣ್ಯ. ಅಳಿಯ ಓಡಿ ಬಂದು ಮ್ಯೂಟ್ ಮಾಡಿದ.

ಈ ಭಾಷೆಯ ತೊಂದರೆಗೆ ಒಳ್ಳೆಯ ಮದ್ದು 2019ರಲ್ಲಿ ಬಂದ ಅಪೆಕ್ಸ್ ಲೆಜೆಂಡ್ಸ್‌ನಲ್ಲಿತ್ತು. ಒಂದು ಬಟನ್ ಒತ್ತಿದರೆ ಇಲ್ಲಿ ಶತ್ರು, ಇಲ್ಲಿ ಗನ್, ಆ ಕಡೆ ಹೋಗೋಣ ಅಂತ ಜೊತೆಗಾರರ ಸ್ಕ್ರೀನಿನಲ್ಲಿ ಗುರುತು ಬೀಳುತ್ತದೆ. ಮಾತೇ ಬೇಡ. ಇದಕ್ಕೂ ಪಿಂಗ್ ಅಂತಲೇ ಹೆಸರು. ನೆಟ್ಟಿನ ಪಿಂಗ್ ಬೇರೆ, ಈ ಪಿಂಗ್ ಬೇರೆ. ಈಗ ಬೇರೆ ಗೇಮ್‌ಗಳಲ್ಲೂ ಇದೆ. ಆದರೆ ಭಾವನಿಗೆ ಆ ಬಟನ್ ಯಾವುದು ಅಂತ ಗೊತ್ತಾಗಿದ್ದು ಮೂರನೇ ದಿನ, ಅದೂ ಕೈತಪ್ಪಿ ಒತ್ತಿದಾಗ. ಹೊಸಬನಿಗೆ ಇದು ಪೈಪ್ ಎಳೆಯುವ ಕೆಲಸ ಇದ್ದ ಹಾಗೆ. ಗುರಿ ಬರದಿದ್ದರೂ ಒಂದು ಮೂಲೆಯಲ್ಲಿ ನಿಂತು, ಕಂಡವರನ್ನು ಗುರುತು ಮಾಡಿದರೆ ತಂಡಕ್ಕೆ ಅವನು ಬೇಕಾದವನಾಗುತ್ತಾನೆ. ಅದನ್ನು ಗುಂಡು ಹೊಡೆಯೋದಕ್ಕಿಂತ ಮೊದಲು ಕಲಿಸಬೇಕು.

ಇನ್ನು ಯಾರನ್ನು ಯಾರ ಜೊತೆ ಆಡಿಸಬೇಕು ಅಂತ ಜೋಡಿ ಹಾಕುವ ವಿಷಯ. ಚೆಸ್ ಆಟಗಾರರ ಬಲ ಅಳೆಯಲು ಆರ್ಪಾಡ್ ಎಲೊ ಮಾಡಿದ ಲೆಕ್ಕದ ಮೊಮ್ಮಕ್ಕಳೇ ಈಗಿನ ಮ್ಯಾಚ್‌ಮೇಕಿಂಗ್ ಲೆಕ್ಕಗಳು. ಮೈಕ್ರೋಸಾಫ್ಟ್‌ನ ಟ್ರೂಸ್ಕಿಲ್ ಒಬ್ಬ ಆಟಗಾರನಿಗೆ ಎರಡು ಅಂಕಿ ಇಡುತ್ತದೆ: ಇವನು ಎಷ್ಟು ಚೆನ್ನಾಗಿ ಆಡಬಹುದು ಅನ್ನುವ ಅಂದಾಜು, ಆ ಅಂದಾಜಿನ ಮೇಲೆ ಎಷ್ಟು ಅನುಮಾನ. ಹೊಸಬನಿಗೆ ಅಂದಾಜು ಮಧ್ಯದಲ್ಲಿ, 25. ಅನುಮಾನ ಸಿಕ್ಕಾಪಟ್ಟೆ. ಅಂದರೆ ಇಂಥ ಲೆಕ್ಕದಲ್ಲಿ ಮೊದಲ ಕೆಲವು ಮ್ಯಾಚ್ ಅಂದ್ರೆ ಅಳತೆ ಹಿಡಿಯೋದು. ನಡುವಿನವನು ಅಂದುಕೊಂಡು ಏನೂ ಬರದವನನ್ನು ನಡುವಿನವರ ಮಧ್ಯೆ ಬಿಟ್ಟರೆ ಏನಾಗಬೇಕೋ ಅದಾಗುತ್ತದೆ. ಮೌಸ್ ಹಿಡಿದು ಆಡಿ ಗೊತ್ತಾ ಅಂತ ಒಂದು ಪ್ರಶ್ನೆ ಕೇಳಿ ಕೆಳಗಿನಿಂದ ಶುರು ಮಾಡಿಸಲಿ.

ಆಮೇಲೆ ಸ್ಮರ್ಫ್‌ಗಳು. ಹಳೇ ಹುಲಿಗಳು ಹೊಸ ಅಕೌಂಟ್ ಮಾಡಿಕೊಂಡು ಎಳೆಯರ ಮಧ್ಯೆ ಬಂದು ಮಜಾ ತೆಗೆದುಕೊಳ್ಳೋದು. ಭಾವನ ಮೂರನೇ ಮ್ಯಾಚ್‌ನಲ್ಲಿ ಒಬ್ಬ 34 ಜನರನ್ನು ಹೊಡೆದ. ಅವನದೂ ಹೊಸ ಅಕೌಂಟೇ. ಈ ಬರಹ ಓದುವವರಲ್ಲಿ ಇಂಥವರು ಇದ್ದೀರಿ, ನನಗೆ ಗೊತ್ತು. ನನ್ನ ಅಳಿಯನೂ ಇದ್ದಾನೆ. ಬೈದಿದ್ದೇನೆ. "ಮಾವ, ಫ್ರೆಂಡ್ ಹೊಸಬ, ಅವನ ಜೊತೆ ಆಡೋಕೆ" ಅಂದ. ಅವನ ಮಾತಲ್ಲೂ ನ್ಯಾಯ ಇದೆ, ಏನ್ ಮಾಡ್ತೀರಿ.

ಹೊಸಬರಿಗೆ ಎದುರಾಳಿಯಾಗಿ ಬಾಟ್, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರ, ಕೊಡೋದು ಇನ್ನೊಂದು ದಾರಿ. 2019ರಲ್ಲಿ ಫೋರ್ಟ್‌ನೈಟ್ ಕೂಡ ಬಾಟ್ ತಂದಿತು. ನನ್ನ ವಿರೋಧ ಇಲ್ಲ, ಸುಳ್ಳು ಹೇಳಬೇಡಿ ಅಂತ ಮಾತ್ರ. ಒಂದು ಮೊಬೈಲ್ ಗೇಮ್‌ನಲ್ಲಿ ಭಾವ ಮೊದಲ ದಿನವೇ ನೂರು ಜನರಲ್ಲಿ ಫಸ್ಟ್ ಬಂದು ಇಡೀ ಮನೆಗೆ ತೋರಿಸಿದ್ದರು. ಮುಕ್ಕಾಲು ಜನ ಬಾಟ್ ಅಂತ ಅಳಿಯ ಹೇಳಿದ ಮೇಲೆ ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ನಮ್ಮ ಕಡೆ ಬಯಲಾಟದಲ್ಲಿ ಹೊಸ ಹುಡುಗ ಕೋಡಂಗಿ ವೇಷ ಹಾಕಿ ಪೂರ್ವರಂಗದಲ್ಲಿ ಕುಣಿಯುತ್ತಾನೆ. ಭಾಗವತರು, ಚಂಡೆ, ರಂಗಸ್ಥಳ ಎಲ್ಲಾ ಅಸಲಿಯೇ. ಹೆಜ್ಜೆ ತಪ್ಪಿದರೆ ಪ್ರಸಂಗ ಕೆಡುವುದಿಲ್ಲ, ಅಷ್ಟೇ. ತಾನು ಕೋಡಂಗಿ ಅಂತ ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು.

ಕರೆಂಟಿನ ವಿಷಯ ಹೇಳದಿದ್ದರೆ ಮಲೆನಾಡಿನವನು ಅನ್ನಿಸಿಕೊಳ್ಳುವುದಿಲ್ಲ. ಮರ ಬಿತ್ತು, ಕರೆಂಟ್ ಹೋಯ್ತು, ರೂಟರ್ ಆಫ್. ವಾಪಸ್ ಬಂದು ನೋಡಿದರೆ ಮಧ್ಯದಲ್ಲಿ ಬಿಟ್ಟುಹೋಗಿದ್ದಕ್ಕೆ ಅರ್ಧ ಗಂಟೆ ಶಿಕ್ಷೆ. ತಂಡವನ್ನು ಕೈಬಿಡುವವರಿಗೆ ಶಿಕ್ಷೆ ಇರಲೇಬೇಕು. ಆದರೂ ಮೊದಲ ವಾರದವನಿಗೆ ಎರಡು ಸಲ ಮಾಫಿ ಕೊಟ್ಟರೆ ಗಂಟೇನು ಹೋಗುತ್ತೆ?

ಭಾವ ಮತ್ತೆ ಶುರು ಮಾಡಿದ್ದಾರೆ. ಅಳಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಸತ್ತಾಗೆಲ್ಲ ಯಾಕೆ ಅಂತ ಹೇಳುತ್ತಾನೆ. ಅಕ್ಕ ಇಬ್ಬರಿಗೂ ಬೈಯುತ್ತಾಳೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಭಾವನ ಮೆಸೇಜ್ ಬಂತು: "ಇವತ್ತು ನಿಂತು ಹೊಡೆದೆ. ಇಬ್ಬರು. ಒಬ್ಬ ಬಾಟ್ ಇರಬಹುದು."