ಯಹೂದಿ ಅಡ್ಡಹೆಸರು: ಅರ್ಥಕ್ಕಿಂತ ಮೊದಲು ಊರು, ವರ್ಷ, ಕಚೇರಿ ಕೇಳಿ

ಹೆಸರಿನ ಕೊನೆಯಲ್ಲಿ ಬರ್ಗ್, ಸ್ಟೈನ್, ಮನ್ ಕಂಡರೆ ಸಾಕು, "ಇವರು ಯಹೂದಿ" ಎಂದು ತೀರ್ಪು ಕೊಡುವ ಪೋಸ್ಟುಗಳು ಕನ್ನಡದಲ್ಲೂ ಓಡಾಡುತ್ತಿವೆ. ಗೋಲ್ಡ್‌ಬರ್ಗ್ ಎಂದರೆ ಚಿನ್ನದ ಬೆಟ್ಟ, ಆದ್ದರಿಂದ ಪೂರ್ವಜರು ಚಿನ್ನದ ವ್ಯಾಪಾರಿಗಳು ಎಂಬಂಥ ವಿವರಣೆಯೂ ಜೊತೆಗಿರುತ್ತದೆ. ಇದು ತಪ್ಪು ಮಾತ್ರವಲ್ಲ, ಅಪಾಯ ಕೂಡ. ಯಹೂದಿ ಅಡ್ಡಹೆಸರುಗಳಲ್ಲಿ ಬಹುಪಾಲು ಸರ್ಕಾರಿ ಆದೇಶದಿಂದ ಹುಟ್ಟಿದವು. ಯಾವ ಸರ್ಕಾರ, ಯಾವ ವರ್ಷ, ಬರೆದವರು ಯಾರು ಎಂಬ ಮೂರನ್ನು ಬಿಟ್ಟು ಬರೀ ಅರ್ಥ ಹಿಡಿದು ಹೊರಟರೆ ದಾರಿ ತಪ್ಪುವುದು ಖಂಡಿತ.

ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳಲ್ಲಿ, ಅಂದರೆ ಅಶ್ಕೆನಾಜಿಗಳಲ್ಲಿ, ಹದಿನೆಂಟನೇ ಶತಮಾನದ ಕೊನೆಯವರೆಗೂ ಹೆಚ್ಚಿನವರಿಗೆ ಅಡ್ಡಹೆಸರೇ ಇರಲಿಲ್ಲ. ಯಾಕೋಬ್ ಬೆನ್ ಇಸಾಕ್ ಎಂದರೆ ಇಸಾಕನ ಮಗ ಯಾಕೋಬ್. ಮಗಳಾದರೆ ಬೆನ್ ಬದಲು ಬತ್. ಮುಂದಿನ ತಲೆಮಾರಿಗೆ ಹಿಂದಿನ ಹೆಸರು ಕಳಚಿಕೊಳ್ಳುತ್ತಿತ್ತು. ಹಳೆ ಮೈಸೂರು ಕಡೆಯವರು ಊರು, ಅಪ್ಪನ ಹೆಸರಿನ ಇನಿಷಿಯಲ್ ಇಟ್ಟುಕೊಂಡು ಹಾಯಾಗಿದ್ದು, ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಕಾಲಂ ಎದುರಾದಾಗ ಏನು ಬರೆಯುವುದೆಂದು ತಡವರಿಸುತ್ತಾರಲ್ಲ, ಅದೇ ಪರಿಸ್ಥಿತಿ ಇಡೀ ಸಮುದಾಯಕ್ಕೆ ಒಮ್ಮೆಲೇ ಬಂತು. ಹಳೆಯ ಪದ್ಧತಿ ಅಳಿದಿಲ್ಲ. ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಧರ್ಮಗ್ರಂಥ ತೋರಾ ಓದಲು ಕರೆಯುವಾಗ, ಮದುವೆಯ ಕರಾರುಪತ್ರ ಕೆತುಬಾದಲ್ಲಿ, ವಿಚ್ಛೇದನದ ಗೆಟ್‌ನಲ್ಲಿ, ಸಮಾಧಿ ಕಲ್ಲಿನ ಮೇಲೆ ಇಂದಿಗೂ ತಂದೆಯ ಹೆಸರೇ ಮುಖ್ಯ. ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಮಾತ್ರ ತಾಯಿಯ ಹೆಸರು ಹೇಳುತ್ತಾರೆ.

ಬದಲಾವಣೆಯ ದಿನಾಂಕ ಗೊತ್ತಿದೆ. 1787ರ ಜುಲೈ 23ರಂದು ಆಸ್ಟ್ರಿಯಾವನ್ನಾಳುತ್ತಿದ್ದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ ಎರಡನೇ ಜೋಸೆಫ್ ಹೊರಡಿಸಿದ ಆಜ್ಞೆಯಂತೆ, 1788ರ ಜನವರಿ 1ರಿಂದ ಅವನ ರಾಜ್ಯದ ಪ್ರತಿ ಯಹೂದಿ ಮನೆಗೂ ಬದಲಾಗದ ಅಡ್ಡಹೆಸರು ಇರಲೇಬೇಕಾಯಿತು. ತೆರಿಗೆ, ಕೋರ್ಟು, ಸೈನ್ಯ ಭರ್ತಿ ಎಲ್ಲದಕ್ಕೂ ಪಟ್ಟಿ ಬೇಕಿತ್ತು. ಆದರೆ ಆ ಆಜ್ಞೆಯಲ್ಲಿ ಇನ್ನೊಂದು ಷರತ್ತೂ ಇತ್ತು, ಅದನ್ನು ಯಾರೂ ಹೇಳುವುದಿಲ್ಲ: ಯಹೂದಿ ಭಾಷೆಯ ಹೆಸರು ಮತ್ತು ವಾಸದ ಊರಿನಿಂದ ಕರೆಯುವ ಹೆಸರು, ಎರಡೂ ನಡೆಯುವುದಿಲ್ಲ. ಅಪ್ಪನ ಹೀಬ್ರೂ ಹೆಸರು ಹೋಯಿತು, ಊರಿನ ಹೆಸರು ಹೋಯಿತು, ಉಳಿದದ್ದೇನು? ಜರ್ಮನ್ ಪದಗಳು. ಗೋಲ್ಡ್, ಸಿಲ್ಬರ್, ರೋಸೆನ್, ಬ್ಲೂಮೆನ್ (ಚಿನ್ನ, ಬೆಳ್ಳಿ, ಗುಲಾಬಿ, ಹೂ) ಒಂದು ಕಡೆ. ಬರ್ಗ್, ಫೆಲ್ಡ್, ಟಾಲ್, ಸ್ಟೈನ್ (ಬೆಟ್ಟ, ಹೊಲ, ಕಣಿವೆ, ಕಲ್ಲು) ಇನ್ನೊಂದು ಕಡೆ. ಎರಡನ್ನೂ ಜೋಡಿಸಿದರೆ ಹೊಸ ಹೆಸರು ಸಿದ್ಧ. ಇಂದಿನ ಪೋಲೆಂಡ್–ಉಕ್ರೇನ್‌ಗಳಲ್ಲಿ ಹಂಚಿಹೋಗಿರುವ ಗಲೀಷಿಯಾದಲ್ಲಿ ಈ ಅಲಂಕಾರದ ಹೆಸರುಗಳು ಅಷ್ಟೊಂದು ಇರಲು ಇದೇ ಕಾರಣ. ಝುಕರ್‌ಬರ್ಗ್ ಎಂದರೆ ಸಕ್ಕರೆ ಬೆಟ್ಟ. ಅಷ್ಟರಿಂದಲೇ ಪೂರ್ವಜರು ಸಕ್ಕರೆ ವ್ಯಾಪಾರಿಗಳು ಎಂದಾಗುವುದಿಲ್ಲ.

ಹೆಸರು ಬರೆಯುವ ಗುಮಾಸ್ತರಿಗೆ ಲಂಚ ಕೊಟ್ಟವರಿಗೆ ಗುಲಾಬಿ, ಚಿನ್ನದ ಹೆಸರು, ಕೊಡದವರಿಗೆ ಹೊಲಸು ಹೆಸರು ಎಂಬ ಕಥೆ ಬಹಳ ಹಳೆಯದು, ಎಲ್ಲ ಕಡೆಯೂ ಸಿಗುತ್ತದೆ. ಗಲೀಷಿಯಾದ ಹೆಸರುಗಳನ್ನು ಒಂದೊಂದಾಗಿ ಕಲೆಹಾಕಿ ವಿಂಗಡಿಸಿದ ಭಾಷಾವಿದ್ವಾಂಸ ಅಲೆಕ್ಸಾಂಡರ್ ಬೈಡರ್ ಅವರ ಕೆಲಸ ನೋಡಿದರೆ ಅವಮಾನಕರ ಹೆಸರುಗಳ ಪಾಲು ತೀರಾ ಸಣ್ಣದು. ಗುಮಾಸ್ತರಲ್ಲಿ ದುಷ್ಟರಿರಲಿಲ್ಲ ಎಂದಲ್ಲ. ಆದರೆ ಕಡುಬಡವರ ಮನೆಗಳಿಗೂ ರೋಸೆನ್‌ಬರ್ಗ್ ಎಂಬ ಹೆಸರು ಸಿಕ್ಕಿದೆ. ಹೆಸರು ಕೊಳ್ಳುವ ಮಾರುಕಟ್ಟೆ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ರಷ್ಯಾ ಸಾಮ್ರಾಜ್ಯದ ಕಥೆ ಬೇರೆ. ಅಲ್ಲಿ 1804ರ ಕಾನೂನು ಅಡ್ಡಹೆಸರು ಕಡ್ಡಾಯ ಮಾಡಿತು, 1835ರಲ್ಲಿ ಮತ್ತೆ ಒತ್ತಿ ಹೇಳಿತು. ಭಾಷೆಯ ನಿರ್ಬಂಧ ಇರಲಿಲ್ಲ. ಹೆಸರು ಬರೆಸಿದ್ದು ಹೆಚ್ಚಾಗಿ ಯಹೂದಿಗಳದ್ದೇ ಆಡಳಿತ ಮಂಡಳಿ, ಕಹಾಲ್. ಹಾಗಾಗಿ ಹೆಸರಿನ ಬಾಲ ನೋಡಿ ಸೀಮೆ ಊಹಿಸುವುದು ಸ್ವಲ್ಪ ಮಟ್ಟಿಗೆ ಸಾಧ್ಯ. ಅಬ್ರಮೋವಿಚ್, ರಾಬಿನೋವಿಚ್‌ಗಳಲ್ಲಿ ಓವಿಚ್ ಎಂದರೆ ಮಗ. ಪಿನ್‌ಸ್ಕಿ, ಸ್ಲುಟ್‌ಸ್ಕಿ, ಬೆರ್ಡಿಚೆವ್‌ಸ್ಕಿಗಳಲ್ಲಿ ಊರು ಇದೆ. ಮೆಲ್ನಿಕ್ ಗಿರಣಿಯವನು, ರೆಜ್ನಿಕ್ ಧರ್ಮಶಾಸ್ತ್ರದಂತೆ ಪ್ರಾಣಿ ಕೊಯ್ಯುವವನು, ಪೋರ್ಟ್ನೋಯ್ ದರ್ಜಿ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತಾಯಂದಿರ ಹೆಸರುಗಳು. ಇಂದಿನ ಬೆಲಾರೂಸ್‌ನ ಪೂರ್ವಭಾಗ, ಮೊಗಿಲೆವ್ ಸುತ್ತಮುತ್ತ, ಕಹಾಲ್‌ಗಳು ರಾಶಿ ರಾಶಿ ಮನೆಗಳಿಗೆ ಹೆಣ್ಣಿನ ಹೆಸರು ಬರೆಸಿದವು. ರಿವ್ಕಿನ್ ಎಂದರೆ ರಿವ್ಕಾಳ ಮನೆಯವರು, ಸೋರ್ಕಿನ್ ಸಾರಾಳವರು, ದ್ವೋರ್ಕಿನ್ ದೆಬೋರಾಳವರು, ಖೈಕಿನ್ ಖಯ್ಯಾಳವರು. ಅಶ್ಕೆನಾಜಿಗಳ ಮನೆಮಾತಾದ ಯಿದ್ದಿಶ್‌ನಲ್ಲಿ ಪರ್ಲ್‌ಮನ್ ಎಂದರೆ ಪರ್ಲ್ ಎಂಬವಳ ಗಂಡ. ಗಂಡ ಮೂರು ಹೊತ್ತೂ ಗ್ರಂಥ ಓದುತ್ತಿದ್ದರೆ ಅಂಗಡಿ ನಡೆಸಿ ಸಂಸಾರ ತೂಗಿಸುತ್ತಿದ್ದವಳು ಹೆಂಡತಿ. ಸಂತೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವಳ ಹೆಸರು. ಈ ರೂಢಿ ಕಾನೂನಿಗಿಂತ ಹಳೆಯದು. 1631ರಲ್ಲಿ ತೀರಿಕೊಂಡ ಮಹಾ ವಿದ್ವಾಂಸ ಶ್ಮುಎಲ್ ಎಡೆಲ್ಸ್ ತಮ್ಮ ಹೆಸರಿಗೆ ಸೇರಿಸಿಕೊಂಡದ್ದು ಹೆಂಡತಿಯ ತಾಯಿ ಎಡೆಲ್‌ಳ ಹೆಸರನ್ನು. ಪೋಲೆಂಡಿನ ಪೋಜ್ನಾನ್‌ನಲ್ಲಿ ಅವರ ಪಾಠಶಾಲೆಯ ಖರ್ಚು ವರ್ಷಗಟ್ಟಲೆ ಹೊತ್ತವಳು ಅವಳೇ. ಮನೆತನ ಎಂದರೆ ಗಂಡಿನದ್ದೇ ಎಂದು ವಾದಿಸುವವರು ಮೊಗಿಲೆವ್‌ನ ಪಟ್ಟಿಗಳನ್ನು ನೋಡಬೇಕು.

ಪುರೋಹಿತ ವಂಶದ ಹೆಸರುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕೋಹೆನ್ ಎಂದರೆ ಬೈಬಲ್ಲಿನ ಮೋಶೆಯ ಅಣ್ಣ ಆರೋನನ ವಂಶದ ಪುರೋಹಿತ. ಅದೇ ಕಾನ್, ಕಹಾನೆ, ಪೋಲಿಷ್‌ನಲ್ಲಿ ಕಪ್ಲಾನ್. ಕಾಟ್ಸ್ ಎಂಬುದು ಜರ್ಮನ್ ಬೆಕ್ಕಲ್ಲ, ಕೋಹೆನ್ ತ್ಸೆದೆಕ್ ಎಂಬೆರಡು ಪದಗಳ ಮೊದಲಕ್ಷರ ಸೇರಿಸಿದ್ದು. ಸೆಗಲ್ ಹಾಗೆಯೇ ಪುರೋಹಿತರಿಗೆ ನೆರವಾಗುತ್ತಿದ್ದ ಲೇವಿ ಕುಲದವರ ಬಿರುದಿನ ಸಂಕ್ಷೇಪ. ರಷ್ಯನ್ ಲಿಪಿಯಲ್ಲಿ ಹಕಾರಕ್ಕೆ ಅಕ್ಷರವಿಲ್ಲ, ಗಕಾರ ಹಾಕುತ್ತಾರೆ. ಆದ್ದರಿಂದ ಕೋಹೆನ್ ಕೋಗನ್ ಆಯಿತು, ಹಾಲ್ಪರ್ನ್ ಗಾಲ್ಪೆರಿನ್, ಹೊರೊವಿಟ್ಜ್ ಗುರೆವಿಚ್. ಇವು ಬೇರೆ ಬೇರೆ ಮನೆತನ ಎಂದುಕೊಂಡು ಹುಡುಕಾಟ ನಿಲ್ಲಿಸಿದವರು ಎಷ್ಟೋ ಜನ. ಇನ್ನು ಕೋಹೆನ್ ಎಂದು ಹೆಸರಿದ್ದ ಮಾತ್ರಕ್ಕೆ ಪುರೋಹಿತನಲ್ಲ. ಆ ಸ್ಥಾನ ತಂದೆಯಿಂದ ಬರುತ್ತದೆ, ಅಡ್ಡಹೆಸರು ತಾಯಿಯ ಕಡೆಯಿಂದಲೂ ಬಂದಿರಬಹುದು. ರಷ್ಯನ್ ಕ್ರೈಸ್ತರಲ್ಲೂ ಲೆವಿನ್ ಇದ್ದಾರೆ, ಅದು ಲೆವ್ ಎಂಬ ಹೆಸರಿನಿಂದ ಬಂದದ್ದು. ಖಾತ್ರಿ ಬೇಕಾದರೆ ಸಮಾಧಿ ಕಲ್ಲು ನೋಡಬೇಕು: ಆಶೀರ್ವದಿಸುವ ಎರಡು ಅಂಗೈ ಕೆತ್ತಿದ್ದರೆ ಕೋಹೆನ್, ನೀರಿನ ಹೂಜಿ ಇದ್ದರೆ ಲೇವಿ.

ಊರಿನ ಹೆಸರಿನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮನುಷ್ಯನನ್ನು ಊರಿನಿಂದ ಕರೆಯುವುದು ಅವನು ಆ ಊರು ಬಿಟ್ಟ ಮೇಲೆ. ವಾರ್ಸಾದೊಳಗೆ ಎಲ್ಲರೂ ವಾರ್ಸಾದವರೇ, ಅಲ್ಲಿ ವಾರ್ಶಾವ್‌ಸ್ಕಿ ಎಂದರೆ ಯಾರೆಂದು ಗೊತ್ತಾಗುವುದಿಲ್ಲ. ಶಪಿರೋದಲ್ಲಿ ರೈನ್ ದಡದ ಶ್ಪೈಯರ್ ಇದೆ, ಮಿಂಟ್ಸ್‌ನಲ್ಲಿ ಮೈಂಜ್, ಗಿನ್ಸ್‌ಬರ್ಗ್‌ನಲ್ಲಿ ಬವೇರಿಯಾದ ಗ್ಯುಂಟ್ಸ್‌ಬರ್ಗ್. ಪೂರ್ವಕ್ಕೆ ವಲಸೆ ಹೋದವರು ಬಿಟ್ಟುಬಂದ ಊರನ್ನು ಹೊತ್ತುಕೊಂಡೇ ಹೋದರು. ಫ್ರಾಂಕ್‌ಫರ್ಟಿನ ಯಹೂದಿ ಓಣಿಯಲ್ಲಂತೂ ಮನೆ ನಂಬರ್ ಬದಲು ಫಲಕ ಇರುತ್ತಿತ್ತು: ಕೆಂಪು ಗುರಾಣಿಯ ಮನೆಯವರು ರಾಥ್ಸ್‌ಚೈಲ್ಡ್, ಹಡಗಿನ ಫಲಕದವರು ಶಿಫ್. ಮುಂದೆ ರಾಥ್ಸ್‌ಚೈಲ್ಡರು ಹಸಿರು ಗುರಾಣಿಯ ಮನೆಗೆ ಹೋದರು. ಹೆಸರು ಕೆಂಪಾಗಿಯೇ ಉಳಿಯಿತು.

ಅಮೆರಿಕಕ್ಕೆ ಬರುವ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳು ಹೆಸರು ತಿರುಚಿದರು ಎಂಬ ಮಾತು ಸುಳ್ಳು. 1892ರಿಂದ 1954ರವರೆಗೆ ನಡೆದ ಆ ಕೇಂದ್ರದಲ್ಲಿ ಅಧಿಕಾರಿ ಹೆಸರು ಬರೆಯುತ್ತಲೇ ಇರಲಿಲ್ಲ. ಹ್ಯಾಂಬರ್ಗ್, ಬ್ರೆಮೆನ್, ರಾಟರ್‌ಡ್ಯಾಮ್‌ಗಳಲ್ಲಿ ಹಡಗು ಕಂಪನಿಯವರು ಬರೆದ ಪ್ರಯಾಣಿಕರ ಪಟ್ಟಿಗೆ ತಾಳೆ ನೋಡುತ್ತಿದ್ದರು, ಜೊತೆಗೆ ದುಭಾಷಿಗಳಿದ್ದರು. ಹೆಸರು ಬದಲಿಸಿಕೊಂಡವರು ವಲಸಿಗರೇ, ಅವರ ಮಕ್ಕಳೇ. ಕೆಲಸ, ಕಾಲೇಜು ಸೀಟು ಸಿಗಲೆಂದು, ಎಷ್ಟೋ ವೇಳೆ ಕೋರ್ಟಿಗೆ ಅರ್ಜಿ ಹಾಕಿ. ಗುಮಾಸ್ತನ ಮೇಲೆ ಹೊರಿಸಿದರೆ ಆ ತಾರತಮ್ಯದ ಇತಿಹಾಸವೇ ಮುಚ್ಚಿಹೋಗುತ್ತದೆ.

ನಮ್ಮ ಕಡೆಗೆ ಬಂದರೆ ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯವಿದೆ. ಶನಿವಾರ ಗಾಣಕ್ಕೆ ರಜೆ ಕೊಡುತ್ತಿದ್ದ ಎಣ್ಣೆ ತೆಗೆಯುವವರಾದ್ದರಿಂದ ಇವರನ್ನು ಶನಿವಾರ್ ತೇಲಿ ಎನ್ನುತ್ತಿದ್ದರು. ಇವರ ಅಡ್ಡಹೆಸರು ಕಾರವಾರ, ಅಂಕೋಲೆಯ ಕಡೆ ಕೇಳಿದಂತೆಯೇ ಇದೆ: ಪೆಣ್ಕರ್, ರೋಹೇಕರ್, ಕೆಹಿಮ್‌ಕರ್, ಚೌಲ್‌ಕರ್. ಎಲ್ಲವೂ ಇಂದಿನ ರಾಯಗಡ ಜಿಲ್ಲೆಯ ಊರುಗಳು. ಹೀಬ್ರೂ ಹೆಸರುಗಳೂ ಮರಾಠಿ ಉಡುಗೆ ತೊಟ್ಟಿದ್ದವು, ಶ್ಮುಎಲ್ ಸಾಮಾಜಿ ಆಗಿದ್ದ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕು ಬಿಡುಗಡೆಯಾದ ಸಾಮಾಜಿ ಹಸಾಜಿ ದಿವೇಕರ್, 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ. ಇಂಗ್ಲಿಷ್ ದಾಖಲೆಗಳಲ್ಲಿ ಅವನೇ ಸ್ಯಾಮುಯೆಲ್ ಎಜೆಕಿಯೆಲ್. ಶಿವಮೊಗ್ಗದಲ್ಲಿ ಹುಟ್ಟಿ, ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, 1966ರಲ್ಲಿ ಪದ್ಮಶ್ರೀ ಪಡೆದ ಡಾ. ಜೆರುಶಾ ಝಿರಾಡ್ ಅವರ ಹೆಸರಿನಲ್ಲಿರುವುದು ಆಲಿಬಾಗ್ ಬಳಿಯ ಝಿರಾಡ್ ಊರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಯಹೂದಿ ಸ್ಮಶಾನದ ಹಳೆಯ ಸಮಾಧಿಗಳಲ್ಲಿ ಸುಬೇದಾರ್ ಸ್ಯಾಮುಯೆಲ್ ನಾಗಾವ್‌ಕರ್ ಅವರದ್ದೂ ಒಂದು. ಜರ್ಮನ್ ಬಾಲದ ಹೆಸರಿದ್ದರೆ ಮಾತ್ರ ಯಹೂದಿ ಎನ್ನುವವರ ಪಟ್ಟಿಯಲ್ಲಿ ಇವರ್ಯಾರೂ ಸಿಗುವುದಿಲ್ಲ.

ಅದರ ತದ್ವಿರುದ್ಧ ತಪ್ಪು ಮಂಗಳೂರಿನ ವಿಚಾರದಲ್ಲಿ ಆಗುತ್ತದೆ. ಪೆರೇರಾ, ಒಲಿವೇರಾ, ಕರ್ವಾಲೋ ಮರಗಳ ಹೆಸರು, ಆದ್ದರಿಂದ ಯಹೂದಿ ಮೂಲ ಎಂಬ ಮಾತು ಅಂತರ್ಜಾಲದಲ್ಲಿ ಗಟ್ಟಿಯಾಗಿ ಕೂತಿದೆ. ಪೋರ್ಚುಗಲ್‌ನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದಾಗ ಅವರು ಪಡೆದದ್ದು ಅಲ್ಲಿನ ಕ್ರೈಸ್ತರಲ್ಲಿ ಆಗಲೇ ಬಳಕೆಯಲ್ಲಿದ್ದ ಮಾಮೂಲಿ ಹೆಸರುಗಳನ್ನು, ಎಷ್ಟೋ ಸಲ ದೀಕ್ಷಾಪಿತರದ್ದನ್ನು, ಅಂದರೆ ಗಾಡ್‌ಫಾದರ್‌ಗಳದ್ದನ್ನು. ಗೋವಾ ಮತ್ತು ಕರಾವಳಿಯಲ್ಲಿ ದೀಕ್ಷೆ ಪಡೆದ ಕೊಂಕಣಿಗರಿಗೂ ಹೆಸರು ಸಿಕ್ಕಿದ್ದು ಅದೇ ಬಗೆಯಲ್ಲಿ, ಪಾದ್ರಿಯಿಂದ ಅಥವಾ ದೀಕ್ಷಾಪಿತನಿಂದ. ಹೆಸರು ಒಂದೇ, ರಕ್ತಸಂಬಂಧ ಇಲ್ಲ. 2015ರಲ್ಲಿ ಸ್ಪೇನ್ ದೇಶ ಸೆಫಾರ್ದಿಗಳ, ಅಂದರೆ ಸ್ಪೇನ್–ಪೋರ್ಚುಗಲ್ ಮೂಲದ ಯಹೂದಿಗಳ, ವಂಶಜರಿಗೆ ಪೌರತ್ವದ ಕಾನೂನು ಮಾಡಿದಾಗ, ಇಂತಿಂಥ ಅಡ್ಡಹೆಸರಿದ್ದರೆ ಸಾಕು ಎಂಬ ಪಟ್ಟಿಯೊಂದು ಹರಿದಾಡಿತು. ಕಾನೂನಿನಲ್ಲಿ ಅಂಥ ಪಟ್ಟಿ ಇರಲೇ ಇಲ್ಲ.

ಹೆಸರಿನಿಂದ ಯಹೂದಿಯನ್ನು ಗುರುತಿಸಲಾಗದು ಎಂಬುದಕ್ಕೆ ಅತಿ ಕ್ರೂರವಾದ ಸಾಕ್ಷಿ ನಾತ್ಸಿಗಳದ್ದೇ. 1938ರ ಆಗಸ್ಟ್ 17ರ ಆದೇಶದಂತೆ, ಸರ್ಕಾರ ಒಪ್ಪಿದ ಪಟ್ಟಿಯ ಹೆಸರು ಇಲ್ಲದ ಯಹೂದಿ ಗಂಡಸರೆಲ್ಲ ಇಸ್ರೇಲ್ ಎಂದೂ ಯಹೂದಿ ಹೆಂಗಸರೆಲ್ಲ ಸಾರಾ ಎಂದೂ ಹೆಚ್ಚುವರಿ ಹೆಸರು ಸೇರಿಸಿಕೊಳ್ಳಬೇಕಾಯಿತು. ದೇಶದ ಸಮಸ್ತ ದಾಖಲೆಗಳು ಕೈಯಲ್ಲಿದ್ದ ಸರ್ಕಾರಕ್ಕೇ ಅಡ್ಡಹೆಸರು ಸಾಕಾಗಲಿಲ್ಲ. ಅವರ ಪಕ್ಷದ ಸಿದ್ಧಾಂತಿ, 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿದ ಆಲ್ಫ್ರೆಡ್, ಯಹೂದಿ ಅಲ್ಲ. ಅವನ ಅಡ್ಡಹೆಸರು ರೋಸೆನ್‌ಬರ್ಗ್. ಹೆಸರಿನ ಪಟ್ಟಿ ಹಂಚುವವರು ಇದನ್ನು ಒಮ್ಮೆ ಯೋಚಿಸಬೇಕು.

ನಿಜವಾಗಿ ಒಂದು ಮನೆತನದ ಮೂಲ ಹುಡುಕುವವರು ಇತ್ತೀಚಿನ ದಾಖಲೆಯಿಂದ ಹಿಂದಕ್ಕೆ ಹೋಗಬೇಕು, ನಿಘಂಟಿನಿಂದ ಮುಂದಕ್ಕಲ್ಲ. ಇಸ್ರೇಲಿನ ಕುಟುಂಬವಾದರೆ ಹೆಸರನ್ನು ಹೀಬ್ರೂಗೆ ಬದಲಿಸಿಕೊಳ್ಳುವ ಮುಂಚೆ ಏನಿತ್ತೆಂದು ಮೊದಲು ಪತ್ತೆ ಮಾಡಿ. ಅಲ್ಲಿನ ಪ್ರಧಾನಿಗಳಾಗಿದ್ದವರನ್ನೇ ನೋಡಿ: ಬೆನ್-ಗುರಿಯೋನ್ ಹಿಂದೆ ಗ್ರ್ಯುನ್ ಇದ್ದಾನೆ, ಪೆರೆಸ್ ಹಿಂದೆ ಪೆರ್ಸ್ಕಿ, ಎಶ್ಕೋಲ್ ಹಿಂದೆ ಶ್ಕೋಲ್ನಿಕ್. ಆಮೇಲೆ ಊರು, ಊರು ಗೊತ್ತಾಗದೆ ಬರೀ ಹೆಸರಿನಿಂದ ಪತ್ರಾಗಾರದಲ್ಲಿ ಏನೂ ಸಿಗದು. ಉಚ್ಚಾರಣೆ ಹೋಲುವ ಹೆಸರುಗಳನ್ನು ಒಟ್ಟಿಗೆ ಹುಡುಕುವ ಸಾಮಾನ್ಯ ಸೌಂಡೆಕ್ಸ್ ವಿಧಾನ ಮೊದಲಕ್ಷರವನ್ನು ಹಾಗೇ ಇಟ್ಟುಕೊಳ್ಳುವುದರಿಂದ ಇಂಗ್ಲಿಷಿನಲ್ಲಿ ಸಿ ಇಂದ ಬರೆದ ಕೋಹೆನ್, ಕೆ ಇಂದ ಬರೆದ ಕೋಹೆನ್ ಒಂದಾಗುವುದಿಲ್ಲ. 1985ರಲ್ಲಿ ಬಂದ ಡೈಚ್-ಮೊಕೊಟಾಫ್ ವಿಧಾನ ಮೊದಲಕ್ಷರವನ್ನೂ ಸಂಖ್ಯೆಯಾಗಿಸಿ ಆರಂಕಿಯ ಸಂಕೇತ ಕೊಡುತ್ತದೆ, ಅದನ್ನೇ ಆರಿಸಿಕೊಳ್ಳಿ. ಗಲೀಷಿಯಾದ ಜನನ ದಾಖಲೆಯಲ್ಲಿ ಮಗು ಅಕ್ರಮ ಸಂತಾನ ಎಂದಿದ್ದರೆ ಗಾಬರಿ ಬೇಡ. ಯಹೂದಿ ಧರ್ಮಗುರು ರಬ್ಬಿ ಮಾಡಿಸಿದ ಮದುವೆಯನ್ನು ಸರ್ಕಾರದಲ್ಲಿ ನೋಂದಾಯಿಸದಿದ್ದರೆ ಮಗುವಿಗೆ ತಾಯಿಯ ಅಡ್ಡಹೆಸರನ್ನೇ ಬರೆಯುತ್ತಿದ್ದರು. ಅಣ್ಣನಿಗೊಂದು, ತಮ್ಮನಿಗೊಂದು ಅಡ್ಡಹೆಸರು ಇರುವುದು ಇದರಿಂದಲೇ. ಎರಡು ಹೆಸರಿನ ನಡುವೆ ರೆಕ್ಟೆ ಅಥವಾ ವೆಲ್ ಎಂಬ ಲ್ಯಾಟಿನ್ ಪದ ಕಂಡರೆ ಎರಡನ್ನೂ ಹುಡುಕಿ.

ಸಮಾಧಿ ಕಲ್ಲಿನ ಹೀಬ್ರೂ ಭಾಗದಲ್ಲಿ ಅಡ್ಡಹೆಸರು ಇಲ್ಲದಿರಬಹುದು, ತಂದೆಯ ಹೆಸರು ಸಾಮಾನ್ಯವಾಗಿ ಇರುತ್ತದೆ. ಇಸವಿ ಅಕ್ಷರಗಳಲ್ಲಿರುತ್ತದೆ, ಸಾವಿರದ ಅಂಕಿ ಬಿಟ್ಟಿರುತ್ತಾರೆ. ತಾವ್ 400, ರೇಶ್ 200, ಸಾಮೆಖ್ 60, ಒಟ್ಟು 660. ಅದಕ್ಕೆ 1240 ಕೂಡಿಸಿದರೆ 1900. ಹೀಬ್ರೂ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಶುರುವಾಗುವುದರಿಂದ, ಸಾವು ಡಿಸೆಂಬರ್ ಮುಗಿಯುವುದರೊಳಗೆ ಆಗಿದ್ದರೆ ಒಂದು ಕಳೆದು 1899 ಎಂದು ಓದಿಕೊಳ್ಳಿ.