ಕೊಚ್ಚಿಯೊಳಗ ಗುಳಗಿ ಕೇಳಿದ್ರ ಚೀಟಿ ಕೇಳ್ತಾರ

ಮಳಿ ಹಿಡಿದು ಕೂತಿತ್ತು, ಗಂಟಲು ಕೆರೆದು ಉಗುಳು ನುಂಗಾಕೂ ಆಗವಲ್ದಾಗಿತ್ತು. ಬ್ಯಾಂಕ್ ಮುಗಿಸ್ಕೊಂಡು ಬರ್ತಾ ಮನಿ ಹತ್ರದ ಮೆಡಿಕಲ್‌ಗೆ ಹೋಗಿ, ಊರಾಗ ಕೇಳಿದ್ಹಂಗೇ, ಅಜಿಥ್ರೋಮೈಸಿನ್ 500 ಅನ್ನೋ ಆಂಟಿಬಯಾಟಿಕ್ ಮೂರು ಗುಳಗಿ ಕೊಡ್ರಿ ಅಂದೆ. ಬಿಳಿ ಕೋಟ್ ಹಾಕ್ಕೊಂಡು ನಿಂತಿದ್ದ ಹುಡುಗಿ ಕೈ ಮುಂದ ಮಾಡಿ ಚೀಟಿ ಕೇಳಿದ್ಲು. ಚೀಟಿ ಇಲ್ಲ ಅಂದೆ. "ಪ್ರಿಸ್ಕ್ರಿಪ್ಷನ್ ಇಲ್ಲಾತೆ ತರಾನ್ ಪಟ್ಟಿಲ್ಲ ಚೇಟ್ಟಾ" ಅಂತ ನಕ್ಕೊಂತ್ಲೇ ಹೇಳಿದ್ಲು, ಕೊಡಲ್ಲ ಅಂದ್ರ ಕೊಡಲ್ಲ. ಪ್ರತಿ ಸಲ ಇದನ್ನೇ ತಗೋತೀನಿ ನನಗ ಗೊತ್ತದ ಅಂತ ವಾದ ಮಾಡಿದ್ರ ತಿರುಗಿ ನನಗೇ ಪ್ರಶ್ನಿ ಶುರು ಮಾಡಿದ್ಲು, ಜ್ವರ ಅದನಾ, ಎಷ್ಟು ದಿನ ಆತು, ಮೂಗು ಸೋರ್ತದೇನು, ಯಾವ ಔಷಧರೇ ಮೈಗೆ ಆಗಲ್ಲೇನು. ಕೊನೀಗೆ ಪ್ಯಾರಾಸಿಟಮಾಲ್ ಕೊಟ್ಟು, ಉಪ್ಪು ನೀರು ಮುಕ್ಕಳಿಸ್ರಿ, ಕಮ್ಮಿ ಆಗ್ಲಿಲ್ಲಂದ್ರ ಸರ್ಕಾರಿ ಕುಟುಂಬ ಆರೋಗ್ಯ ಕೇಂದ್ರದಾಗ ಸಂಜಿ ಆರರ ತನಕ ಡಾಕ್ಟರ್ ಇರ್ತಾರ ಅಲ್ಲಿಗೆ ಹೋಗ್ರಿ ಅಂತ ದಾರಿ ಬ್ಯಾರೆ ತೋರಿಸಿದ್ಲು. ರೊಕ್ಕ ಹಿಡಿದು ನಿಂತ ಗಿರಾಕಿಗೆ!

ಸಿಟ್ಟು ಬಂತ್ರಿ, ಸುಳ್ಯಾಕ ಹೇಳ್ಲಿ. ಕಲಬುರಗಿಯೊಳಗ ಹುಟ್ಟಿ ಬೆಳೆದವನಿಗೆ ಮೆಡಿಕಲ್‌ನವನು ಇಲ್ಲ ಅಂದದ್ದೇ ಗೊತ್ತಿಲ್ಲ. ಸ್ಟಾಕ್ ಇಲ್ಲಂದ್ರ "ಅದರಾಗಿಂದೇ ಬ್ಯಾರೆ ಕಂಪನೀದು ಅದ ತಗೋರಿ" ಅಂತಾನೇ ಹೊರತು ಬರಿಗೈಲೆ ಕಳಸಲ್ಲ. ಮಾರನೇ ದಿನ ಆಫೀಸ್‌ನಾಗ ಇದನ್ನ ದೊಡ್ಡ ಅನ್ಯಾಯ ಆದ್ಹಂಗ ಹೇಳಿದ್ರ ಅಲ್ಲಿಯವರು ನನ್ನ ಮುಖಾನೇ ನೋಡಲತ್ತಿದ್ರು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳ್ದೇನು ನೀನು ಅಂತ.

ಆಮ್ಯಾಲ ಗೊತ್ತಾಗಿದ್ದು ಏನಂದ್ರ ಇದು ಕೇರಳದ್ದೇ ಬ್ಯಾರೆ ಕಾನೂನೇನಲ್ಲ. ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ 1940ರದ್ದು, ಫಾರ್ಮಸಿ ಕಾಯ್ದೆ 1948ರದ್ದು, ಎರಡೂ ಕೇಂದ್ರದ್ದೇ, ಕೊಚ್ಚಿಗೂ ಅದೇ ನಮ್ಮ ಸೇಡಂಗೂ ಅದೇ. ಶೆಡ್ಯೂಲ್ ಎಚ್‌ನಾಗಿರೋ ಔಷಧ ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಂಗಿಲ್ಲ, ರಿಜಿಸ್ಟರ್ಡ್ ಫಾರ್ಮಸಿಸ್ಟ್ ಎದುರಿಗೆ ನಿಂತು ಕೊಡಬೇಕು. 2014ರ ಮಾರ್ಚ್‌ನಿಂದ ಎಚ್1 ಅಂತ ಇನ್ನೊಂದು ಪಟ್ಟಿ ಬಂದದ, ನಮ್ಮ ಮಂದಿ ಶೇಂಗಾ ತಿಂದ್ಹಂಗ ತಿನ್ನೋ ಸೆಫಿಕ್ಸಿಮ್ ಅನ್ನೋ ಆಂಟಿಬಯಾಟಿಕ್ ಅದರಾಗೇ ಅದ, ಅದನ್ನ ಮಾರಿದ್ರ ಪೇಷಂಟ್ ಹೆಸರು, ಡಾಕ್ಟರ್ ಹೆಸರು, ಎಷ್ಟು ಗುಳಗಿ ಕೊಟ್ಟ ಅಂತ ಬ್ಯಾರೆ ರಿಜಿಸ್ಟರ್‌ನಾಗ ಬರೆದು ಮೂರು ವರ್ಷ ಇಡಬೇಕು. ಆದ್ರ ಲೈಸೆನ್ಸ್ ಕೊಡೋದು, ಇನ್‌ಸ್ಪೆಕ್ಟರ್ ಕಳಸೋದು, ಲೈಸೆನ್ಸ್ ರದ್ದು ಮಾಡೋದು ಇದೆಲ್ಲ ರಾಜ್ಯದ ಕೈಯಾಗ. ಫರಕು ಬರೋದೇ ಇಲ್ಲಿ.

ಕೇರಳದವರು 2018ರಾಗೇ ಆಂಟಿಬಯಾಟಿಕ್ ವಿಷಯಕ್ಕ ಅಂತ ರಾಜ್ಯದ್ದೇ ಒಂದು ಯೋಜನಿ ಮಾಡ್ಕೊಂಡ್ರು, 2024ರ ಜನವರಿಯೊಳಗ ಆಪರೇಷನ್ ಅಮೃತ್ ಅಂತ ಶುರು ಮಾಡಿ ಚೀಟಿ ಇಲ್ಲದೆ ಮಾರೋ ಅಂಗಡಿ ಹಿಡಿಲಿಕ್ಕೆ ಹತ್ತಿದ್ರು. ಹೇಳದೆ ಕೇಳದೆ ತಪಾಸಣಿಗೆ ಬರ್ತಾರ, ಗಿರಾಕಿನೂ ಫೋನ್ ಮಾಡಿ ದೂರು ಕೊಡಬಹುದು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಲ್ಲ ಅಂತ ಅಂಗಡಿಯೊಳಗ ಬೋರ್ಡ್ ಹಾಕಬೇಕು. ನೀಲಿ ಕವರ್‌ನಾಗ ಹಾಕಿ ಕೊಡೋದೊಂದು ಬಂದದ, ಕವರ್ ನೋಡಿದ ಕೂಡ್ಲೇ ಇದು ಆಂಟಿಬಯಾಟಿಕ್, ಅರ್ಧಕ್ಕ ಬಿಡಬಾರದು ಅಂತ ತಿಳೀಲಿ ಅಂತ. ಗುಳಗಿ ಪಟ್ಟಿ ಮ್ಯಾಲ ಚೀಟಿ ಬೇಕು ಅನ್ನೋ ಗುರುತಿನ ಕೆಂಪು ಗೆರಿ ಇಡೀ ದೇಶಕ್ಕೇ ಇರ್ತದ ಬಿಡ್ರಿ, ನಮ್ಮ ಕಡಿ ಅದು ಡಿಸೈನ್ ಅಂತ ತಿಳ್ಕೊಂಡವರೇ ಭಾಳ ಮಂದಿ.

ಈಗ ನಮ್ಮ ಕಡಿ ನೋಡೋಣ. ಯಾವುದರೇ ತಾಲೂಕಾ ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್‌ಗೆ ಹೋಗಿ "ಮೈ ಕೈ ನೋವು, ಜ್ವರ, ಒಂದು ಡೋಸ್ ಕಟ್ರಿ ಅಣ್ಣಾ" ಅನ್ರಿ. ಏನೂ ಕೇಳಲ್ಲ. ಅಂವ ಐದಾರು ಡಬ್ಬಿಗೆ ಕೈ ಹಾಕ್ತಾನ, ಕತ್ತರಿ ತಗೊಂಡು ಬಿಳೀದೊಂದು, ಹಳದಿ ಒಂದು, ಕೆಂಪು ಕ್ಯಾಪ್ಸೂಲ್ ಒಂದು, ಕೊನೀಗೆ ಒಂದು ಸಣ್ಣ ಗುಳಗಿ ಅರ್ಧ ಮುರಿದು ಹಾಕ್ತಾನ. ಮುಂಜಾನಿ ಸಂಜಿಗೆ ಅಂತ ಹಳಿ ಪೇಪರ್‌ನಾಗ ನಾಲ್ಕು ಪುಡಿಕಿ ಕಟ್ಟಿ ಕೊಡ್ತಾನ. ಎಕ್ಸ್‌ಪೈರಿ ಡೇಟ್ ಇರೋ ತುಂಡು ಡಬ್ಬಿಯೊಳಗೇ ಉಳಿತದ. ಆ ಅರ್ಧ ಗುಳಗಿ ಅದಲ್ಲ, ಅದು ಭಾಳಷ್ಟು ಸಲ ಸ್ಟೆರಾಯ್ಡ್ ಇರ್ತದ, ತಾಸಿನಾಗ ಮೈ ಹಗುರ ಆಗ್ತದ, ಅದಕ್ಕೇ "ಅವನ ಕೈಗುಣ ಭಾಳ ಛಲೋ" ಅಂತ ಊರೆಲ್ಲ ಹೆಸರು. ಎರಡು ದಿನಕ್ಕ ಆರಾಮಾತು ಅಂತ ನಾವು ಉಳಿದ ಪುಡಿಕಿ ದೇವರ ಜಗಲಿ ಮ್ಯಾಲ ಇಟ್ಟು, ಮುಂದಿನ ಸಲ ಮನಿಯೊಳಗ ಯಾರಿಗರೇ ಜ್ವರ ಬಂದ್ರ ಅದನ್ನೇ ಕೊಡ್ತೀವಿ. ಶುಗರ್ ಇದ್ದ ಮುದುಕರಿಗೂ ಅದೇ ಪುಡಿಕಿ.

ಅಂಗಡಿಯೊಳಗ ಇರಬೇಕಾದ ಫಾರ್ಮಸಿಸ್ಟ್ ಎಲ್ಲಿ ಅಂದ್ರ ಗೋಡಿ ಮ್ಯಾಲ ಇದ್ದಾನ. ಫೋಟೋ ಹಚ್ಚಿದ ಸರ್ಟಿಫಿಕೇಟ್, ಫ್ರೇಮ್ ಹಾಕಿ, ಅದರ ಮ್ಯಾಲ ಊದಿನಕಡ್ಡಿ ಹೊಗಿ ಹಿಡಿದು ಮುಖಾನೇ ಕಾಣಂಗಿಲ್ಲ. ನನ್ನ ಜೊತಿ ಓದಿದ ಹುಡುಗನೊಬ್ಬ ಡಿ.ಫಾರ್ಮ್ ಅಂದ್ರ ಫಾರ್ಮಸಿ ಡಿಪ್ಲೊಮಾ ಮುಗಿಸ್ದ, ಸರ್ಟಿಫಿಕೇಟ್ ಒಂದು ಅಂಗಡಿಗೆ ಬಾಡಿಗಿ ಕೊಟ್ಟಾನ, ತಿಂಗಳಾತಂದ್ರ ಫೋನ್‌ಪೇಗೆ ರೊಕ್ಕ ಬೀಳ್ತದ, ಇಂವ ಪ್ಲಾಟ್ ಬಿಸಿನೆಸ್ ಮಾಡ್ಕೊಂಡು ಹೈದರಾಬಾದ್‌ನಾಗ ಇದ್ದಾನ. ಕೇಳಿದ್ರ "ಎಲ್ಲಾರೂ ಹಂಗೇ ಮಾಡ್ತಾರಲೇ, ಹತ್ತು ತಾಸು ಅಲ್ಲೇ ನಿಂತ್ರ ಏನ್ ಕೊಡ್ತಾರ ಅವರು" ಅಂತಾನ. ಅವನ ಮಾತಿನಾಗೂ ಖರೆ ಅದ, ಪಗಾರ ಅಷ್ಟೇ ಅದ. ಕಲಬುರಗಿ ಬೀದರ್‌ನಾಗ ಫಾರ್ಮಸಿ ಕಾಲೇಜಿಗೇನು ಕಮ್ಮಿ ಇಲ್ಲ, ಬೀದರ್ ಕೊಳಾರದ ಫ್ಯಾಕ್ಟರಿಯೊಳಗ ಔಷಧ ತಯಾರೇ ಆಗ್ತದ, ಓದಿದ ಹುಡುಗರೂ ಇದ್ದಾರ, ಕೌಂಟರ್‌ನಾಗ ನಿಂತವನು ಮಾತ್ರ ಹತ್ತನೇತ್ತಾ ಫೇಲಾದ ಸಾಹುಕಾರನ ಅಳಿಯ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಾಗ ಬಿಳಿ ಕೋಟ್, ಹೆಸರಿನ ಬ್ಯಾಡ್ಜ್ ಎಲ್ಲಾ ಬರೆದಾರ. ನಮ್ಮ ಸ್ಟೇಷನ್ ರೋಡ್‌ನಾಗ ಬಿಳಿ ಕೋಟ್ ನಾನು ನೋಡಿದ್ದು ವಕೀಲರ ಕರಿ ಕೋಟ್ ಪಕ್ಕದಾಗ ಇಸ್ತ್ರಿ ಅಂಗಡಿಯೊಳಗ ಮಾತ್ರ.

ಡ್ರಗ್ ಇನ್‌ಸ್ಪೆಕ್ಟರ್ ಸಾಹೇಬರು ಬರಲತ್ತಾರ ಅಂತ ಸುದ್ದಿ ಬಂತಂದ್ರ ಸಾಲಾಗಿ ಶಟರ್ ಬೀಳ್ತಾವ, ಚಹಾ ಕುಡಿದು ಬರೋದ್ರೊಳಗ ಎಲ್ಲಾ ಮುಗಿದಿರ್ತದ. ನಿಯಮದ ಪ್ರಕಾರ ವರ್ಷಕ್ಕ ಒಮ್ಮೆಯಾದ್ರೂ ಪ್ರತಿ ಅಂಗಡಿ ನೋಡಬೇಕು. 2003ರಾಗ ಔಷಧ ನಿಯಂತ್ರಣದ ಬಗ್ಗೆ ಕೇಂದ್ರ ಮಾಡಿದ್ದ ಮಶೇಲ್ಕರ್ ಸಮಿತಿ 200 ಅಂಗಡಿಗೆ ಒಬ್ಬ ಇನ್‌ಸ್ಪೆಕ್ಟರ್ ಬೇಕು ಅಂದಿತ್ತು, ಈಗ ನಮ್ಮ ಕಡಿ ಯಾವ ಇಲಾಖಿಗೆ ಬೇಕಾದ್ರೂ ಹೋಗಿ ನೋಡ್ರಿ, ಖಾಲಿ ಕುರ್ಚಿನೇ ಮೊದಲು ಕಾಣ್ತದ. ನಮ್ಮ ಭಾಗಕ್ಕ ನೌಕರಿ ಮೀಸಲಾತಿ ಕೊಡೋ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮ್ಯಾಲಾತು. 2024ರ ನವೆಂಬರ್‌ನಾಗ ಬಳ್ಳಾರಿಯೊಳಗ ಬಾಣಂತಿಯರು ಸತ್ತಾಗ ಸಲೈನ್ ಬಗ್ಗೆ ಎಷ್ಟು ಗದ್ದಲ ಆತು, ಆ ನಾಲ್ಕು ದಿನ ಎಲ್ಲಾರ ಬಾಯಾಗೂ ಔಷಧ ನಿಯಂತ್ರಣದ ಮಾತೇ. ಅಂಗಡಿಯೊಳಗ ದಿನಾ ನಡಿಯೋದಕ್ಕ ಗದ್ದಲ ಇಲ್ಲ, ಯಾಕಂದ್ರ ಅಲ್ಲಿ ಯಾರೂ ಒಮ್ಮೆಲೇ ಸಾಯಂಗಿಲ್ಲ.

ಇಷ್ಟೆಲ್ಲಾ ಬೈದೆ, ಆದ್ರೂ ಹೇಳ್ತೀನಿ, ರಾತ್ರಿ ಹನ್ನೊಂದಕ್ಕ ಅವ್ವನ ಬಿಪಿ ಗುಳಗಿ ಮುಗಿದದ ಅಂತ ಫೋನ್ ಬಂದ್ರ ಕೊಚ್ಚಿಯಿಂದ ನಾನೇನು ಮಾಡ್ಲಿ? ನಮ್ಮ ಓಣಿ ಮೆಡಿಕಲ್ ಕಾಕಾಗೆ ಫೋನ್ ಮಾಡ್ತೀನಿ. ಅಂವ ಲುಂಗಿ ಮ್ಯಾಲೇ ಇಳಿದು ಬಂದು ಶಟರ್ ತೆಗೆದು, ಹುಡುಗನ ಕೈಯಾಗ ಮನಿಗೆ ಮುಟ್ಟಿಸ್ತಾನ, ರೊಕ್ಕ ಉದ್ರಿ ಖಾತೆಕ್ಕ. "ತಂಗೆವ್ವ ಊಟ ಮಾಡೇ ತಗೋಳವ್ವಾ" ಅಂತ ಅವ್ವಗ ಫೋನ್‌ನಾಗ ಹೇಳ್ತಾನ ಬ್ಯಾರೆ. ಚೀಟಿ ಕೇಳಿದ್ರ ಅದು ಎಂದೋ ಹರಿದು ಹೋಗ್ಯದ, ಅವ್ವನ ಗುಳಗಿ ಹೆಸರು ನನಗಿಂತ ಅವನಿಗೇ ಬಾಯಿಪಾಠ. ಇಲ್ಲಿ ಕೊಚ್ಚಿಯ ಆ ಹುಡುಗಿಗೆ ನನ್ನ ಹೆಸರೂ ಗೊತ್ತಿಲ್ಲ.

ಇನ್ನೊಂದು ಮಾತು ಒಪ್ಪಬೇಕಾಗ್ತದ, ಒಪ್ಪಲಿಕ್ಕೆ ಮನಸ್ಸಿಲ್ಲ ಆದ್ರೂ. ಆಕಿ ನನಗ ಡಾಕ್ಟರ್ ಹತ್ರ ಹೋಗು ಅಂತ ಕಳಿಸಿದ್ಲು, ಯಾಕಂದ್ರ ಅಲ್ಲಿ ಡಾಕ್ಟರ್ ಇದ್ದಾರ. ಕೇರಳದಾಗ 2017ರಿಂದ ಆರ್ದ್ರಂ ಅಂತ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನ ಕುಟುಂಬ ಆರೋಗ್ಯ ಕೇಂದ್ರ ಮಾಡ್ಯಾರ, ಡಾಕ್ಟರ್ ಸಂಖ್ಯೆ ಜಾಸ್ತಿ ಮಾಡಿ ಓಪಿಡಿ ಸಂಜಿ ತನಕ ಇಟ್ಟಾರ. ನಮ್ಮ ಚಿಂಚೋಳಿ ಕಡಿ ತಾಂಡಾದ ಹೆಣ್ಮಗಳಿಗೆ ಕೂಸಿನ ಜ್ವರಕ್ಕ ಚೀಟಿ ತಗೊಂಡು ಬಾ ಅಂದ್ರ, ಆಕಿ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು, ಡಾಕ್ಟರ್ ರಜಾದ ಮ್ಯಾಲ ಇದ್ದಾರ ಅನ್ನಿಸ್ಕೊಂಡು ವಾಪಸ್ ಬರಬೇಕು. ಸಾವಿರದೊಳಗ ಮಂದಿ ಇರೋ ಹಳ್ಳಿಗೆ ಪ್ಯಾರಾಸಿಟಮಾಲ್‌ನಂಥ ಮನಿ ಔಷಧ ಲೈಸೆನ್ಸ್ ಇಲ್ಲದೇ ಮಾರಬಹುದು ಅಂತ ಕಾನೂನೇ ಬಿಟ್ಟದ, ಅದನ್ನ ಬರೆದವರಿಗೂ ಇದು ಗೊತ್ತಿತ್ತು ಅನ್ನಿಸ್ತದ. ಅಲ್ಲಿ ಮೆಡಿಕಲ್‌ನವನೇ ಡಾಕ್ಟರ್, ಅಂವನೂ ಇಲ್ಲಂದ್ರ ಯಾರೂ ಇಲ್ಲ.

ಆದ್ರ ಈ ನೆಪ ಕಲಬುರಗಿ ಸೂಪರ್ ಮಾರ್ಕೆಟ್‌ಗೆ ನಡಿಯಲ್ಲ. ಅಲ್ಲಿ ಒಂದೊಂದು ಬಿಲ್ಡಿಂಗ್‌ನಾಗ ನಾಲ್ಕು ಡಾಕ್ಟರ್ ಬೋರ್ಡ್ ಅದಾವ, ಕೆಳಗ ಮೆಡಿಕಲ್, ಮ್ಯಾಲ ಕ್ಲಿನಿಕ್. ತಾಂಡಾ ಕಡಿ ಡಾಕ್ಟರ್ ಕೂಡೋ ತನಕ ಸಡಿಲ ಬಿಡ್ಲಿ ಬೇಕಾದ್ರ, ಸಿಟಿಯೊಳಗ ಮಾತ್ರ ನಾಳಿನೇ ಶುರು ಮಾಡಬಹುದು, ಹೊಸ ಕಾಯ್ದೆ ಏನೂ ಬೇಕಾಗಿಲ್ಲ. ಫೋನ್ ಮಾಡದೆ ಬರಬೇಕು, ಫ್ರೇಮಿನಾಗಿನ ಫೋಟೋ ಒರೆಸಿ ನೋಡಬೇಕು, ಕತ್ತರಿ ಹಿಡಿದು ನಿಂತವನ ಮುಖ ನೋಡಬೇಕು, ಎರಡೂ ಒಂದೇ ಅಲ್ಲಂದ್ರ ಅಂಗಡಿಗೆ ಬೀಗ.