ಜೆಲ್ ಬಂದ ಮಾತ್ರಕ್ಕೆ ಬ್ಯಾಂಡೇಜ್ ಬಿಡುವಂತಿಲ್ಲ

ಡಿಸ್ಟ್ರೋಫಿಕ್ ಎಪಿಡರ್ಮೊಲಿಸಿಸ್ ಬುಲ್ಲೋಸಾ ಎಂಬ ಆನುವಂಶಿಕ ಚರ್ಮರೋಗಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವೈಜುವೆಕ್ ಜೆಲ್ ರೋಗವನ್ನೇ ಗುಣಪಡಿಸುತ್ತದೆ ಎಂದು ನಿಮ್ಮ ಲೇಖನದಲ್ಲಿದೆ. ಇದನ್ನು ದಯವಿಟ್ಟು ತಿದ್ದಿ, ಮಕ್ಕಳ ತಂದೆತಾಯಿ ಇದನ್ನೇ ನಂಬಿಕೊಳ್ಳುತ್ತಾರೆ.

ಈ ಕಾಯಿಲೆಯಲ್ಲಿ ಚರ್ಮದ ಮೇಲ್ಪದರವನ್ನು ಒಳಪದರಕ್ಕೆ ಹಿಡಿದಿಡುವ ಏಳನೇ ಬಗೆಯ ಕೊಲಾಜೆನ್ ಇರುವುದಿಲ್ಲ, ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ವಲ್ಪ ಉಜ್ಜಿದರೂ ಗುಳ್ಳೆ ಏಳುತ್ತದೆ. ಈ ಜೆಲ್‌ನಲ್ಲಿರುವ, ದೇಹದಲ್ಲಿ ಹೆಚ್ಚಾಗದಂತೆ ಮಾರ್ಪಡಿಸಿದ ಹರ್ಪಿಸ್ ವೈರಾಣು ಆ ಕೊಲಾಜೆನ್‌ನ ಜೀನನ್ನು ಗಾಯದ ಜೀವಕೋಶಗಳಿಗೆ ಒಯ್ಯುತ್ತದೆ. ಆದರೆ ಆ ಜೀನ್ ಕೋಶದ ಡಿಎನ್‌ಎಗೆ ಸೇರಿಕೊಳ್ಳುವುದಿಲ್ಲ, ಚರ್ಮವೂ ಹೊಸದಾಗುತ್ತಲೇ ಇರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಹಚ್ಚಬೇಕು. 31 ರೋಗಿಗಳ ಪ್ರಯೋಗದಲ್ಲಿ ಆರು ತಿಂಗಳಿಗೆ ಜೆಲ್ ಹಚ್ಚಿದ ಗಾಯಗಳಲ್ಲಿ ಶೇ 67 ಪೂರ್ತಿ ಮುಚ್ಚಿದವು, ಔಷಧಿಯಿಲ್ಲದ ಬರೀ ಪ್ಲಾಸಿಬೊ ಹಚ್ಚಿದವುಗಳಲ್ಲಿ ಶೇ 22. ಬಹಳ ಒಳ್ಳೆಯ ಫಲಿತಾಂಶ, ಆದರೆ ಅದು ಹಚ್ಚಿದ ಗಾಯದ್ದು ಮಾತ್ರ. ಈ ಕಾಯಿಲೆಯಿಂದ ಅನ್ನನಾಳ ಕಿರಿದಾಗುವುದಕ್ಕೆ ಇದು ಮದ್ದಲ್ಲ.

ಹಚ್ಚುವಾಗ ತೆರೆದ ಗಾಯದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ ಹನಿಹನಿಯಾಗಿ ಇಡಬೇಕು, ಉಜ್ಜಬಾರದು. ಮೇಲೆ ನೀರು ಹೀರದ ಡ್ರೆಸಿಂಗ್ ಹಾಕಬೇಕು, ಹೀರುವ ಗಾಜ್ ಬಟ್ಟೆ ಆದರೆ ಔಷಧಿಯನ್ನೇ ಎಳೆದುಕೊಳ್ಳುತ್ತದೆ.

ಜೆಲ್ ಸಿಗದವರಿಗೆ ದಿನದ ಆರೈಕೆಯೇ ಆಧಾರ. ಗುಳ್ಳೆಯನ್ನು ಶುದ್ಧ ಸೂಜಿಯಿಂದ ಕೆಳಭಾಗದಲ್ಲಿ ಚುಚ್ಚಿ ನೀರು ಬಸಿಯಿರಿ, ಮೇಲಿನ ಪೊರೆ ಕೀಳಬೇಡಿ. ಅಂಟುವ ಟೇಪ್ ಬೇಡವೇ ಬೇಡ. ತಿಂಗಳುಗಟ್ಟಲೆ ಮಾಯದ, ಅಂಚು ದಪ್ಪಗಾದ ಗಾಯವಿದ್ದರೆ ಕೂಡಲೇ ಬಯಾಪ್ಸಿ ಮಾಡಿಸಿ. ಈ ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರಬಹುದು, ಬೇಗ ಹರಡುತ್ತದೆ ಕೂಡ.